ಹೃದಯದ ಬೈಪಾಸ್ ಆಪರೇಷನ್ ಆದಮೇಲೆ ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ ಮಾಡುವುದು: ಯಾವ ವಾರಕ್ಕೆ ಯಾವ ಕೆಲಸ?

ಕ್ಯಾತ್ಸಂದ್ರ_ಟ್ರಾವೆಲರ್

ಎಲ್ಲರಿಗೂ ನಮಸ್ಕಾರ. ಗಾಡಿ ಟ್ರಾವೆಲರ್ 3350, ಹಳದಿ ಬೋರ್ಡ್, ತುಮಕೂರಲ್ಲಿ ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ ನಿಂತಿದೆ. ಬೈಪಾಸ್ ಆಗಿ ಇವತ್ತಿಗೆ 3 ವಾರ. ಎದೆಮೂಳೆ ಸೀಳಿ ಮಾಡಿದ್ದು, ಎಡಗಾಲಿನಿಂದ ರಕ್ತನಾಳ ತೆಗೆದಿದ್ದಾರೆ. ಇಬ್ಬರು ಮಲಗುವಂತೆ, ಒಂದು ಒಲೆ, ಫ್ರಿಜ್, ಫ್ಯಾನ್ ಇರುವಂತೆ ಗಾಡಿ ಸಿದ್ಧವಾಗಬೇಕು. ವಾರಕ್ಕೆ ಎರಡು ದಿನ ಒಬ್ಬ ಹುಡುಗ ಸಹಾಯಕ್ಕೆ ಸಿಗುತ್ತಾನೆ. ಕೂತು ಮಾಡಬಹುದಾದ ಕೆಲಸ ಯಾವುದು, ಮುಟ್ಟಲೇಬಾರದ್ದು ಯಾವುದು? ಎದೆಯ ಗಾಯಕ್ಕೆ ತಕ್ಕಂತೆ ಒಳಗಿನ ವಿನ್ಯಾಸದಲ್ಲಿ ಏನು ಬದಲಿಸಬೇಕು? ಅಳತೆ ಸಮೇತ ಹೇಳಿದರೆ ಉಪಕಾರ.

ಗೌರಿಬಿದನೂರು_ಫಿಸಿಯೋ

ಸರ್, ಮೊದಲು ಮೂಳೆಯ ಲೆಕ್ಕ. ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಗಟ್ಟಿಯಾಗಲು ಸುಮಾರು 12 ವಾರ. ಚರ್ಮ ಎರಡೇ ವಾರಕ್ಕೆ ಮುಚ್ಚಿ ನೋಡೋಕೆ ಚೆನ್ನಾಗಿ ಕಾಣುತ್ತೆ. ಹೊರಗಿನ ಗಾಯ ಒಣಗಿದ್ದನ್ನು ಕಂಡು ಒಳಗಿನ ಮೂಳೆಯೂ ಕೂಡಿತು ಅಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಮೊದಲ 6 ವಾರ ಸಾಮಾನ್ಯವಾಗಿ 2ರಿಂದ 4 ಕೆ.ಜಿ. ಮೀರಿ ಎತ್ತಬಾರದು ಅನ್ನುತ್ತಾರೆ. ನಿಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ಯಾವ ಅಂಕಿ ಇದೆಯೋ ಅದೇ ನಿಮಗೆ ಅಂತಿಮ. ಆದರೆ ತೂಕಕ್ಕಿಂತ ಕೈ ಯಾವ ದಿಕ್ಕಿಗೆ ಜೋರು ಹಾಕುತ್ತೆ ಅನ್ನೋದು ಮುಖ್ಯ. ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದು ಎರಡೂ ಕೈ ಒಟ್ಟಿಗೆ ಕೆಲಸ ಮಾಡಿದರೆ ಮೂಳೆಯ ಎರಡು ಹೋಳುಗಳ ಮೇಲೆ ಒತ್ತಡ ಸಮ ಬೀಳುತ್ತೆ. ಒಂದೇ ಕೈಯಲ್ಲಿ ಎಳೆದರೆ, ನೂಕಿದರೆ, ಕೈ ಹಿಂದಕ್ಕೆ ಚಾಚಿದರೆ ಒಂದು ಹೋಳು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಜಾರಲು ನೋಡುತ್ತೆ. ವ್ಯಾನ್ ಕೆಲಸದಲ್ಲಿ ಅರ್ಧಕ್ಕರ್ಧ ಇಂಥದ್ದೇ: ಬಿಗಿದ ನಟ್ ಬಿಚ್ಚೋದು, ಸೀಟು ಕೀಳೋದು, ಮೇಲ್ಛಾವಣಿಗೆ ಫೋಮ್ ಒತ್ತಿ ಹಿಡಿಯೋದು.

ಇವತ್ತಿಂದ 6ನೇ ವಾರದವರೆಗೆ ಕಾಗದ, ಪೆನ್ಸಿಲ್, ಟೇಪು. ಟೇಪನ್ನೂ ಹುಡುಗ ಹಿಡಿಯಲಿ, ನೀವು ಬರೆದುಕೊಳ್ಳಿ. 6ರಿಂದ 12ರವರೆಗೆ, ಡಾಕ್ಟರ್ ತಪಾಸಣೆ ಮಾಡಿ ಒಪ್ಪಿದ ಮೇಲೆ, ಮೇಜಿನ ಮೇಲೆ ಮೊಣಕೈ ಮಟ್ಟದಲ್ಲಿ ಆಗುವ ಸಣ್ಣ ಕೆಲಸ: ವೈರಿಂಗ್ ಬೋರ್ಡ್, ಸಣ್ಣ ಸ್ಕ್ರೂ, ಸ್ಯಾಂಡ್‌ಪೇಪರು. ಭುಜಕ್ಕಿಂತ ಮೇಲಿನ ಕೆಲಸ, ಡ್ರಿಲ್, ಗ್ರೈಂಡರ್ 12 ವಾರಕ್ಕೆ ಮುಂಚೆ ಬೇಡ. ಡ್ರಿಲ್ ಬಿಟ್ ತಗಡಿಗೆ ಕಚ್ಚಿಕೊಂಡು ಗಕ್ಕನೆ ತಿರುಗಿದಾಗ ಆ ಪೆಟ್ಟು ನೇರ ಎದೆಗೇ ಬರುತ್ತೆ.

ನಿಲ್ಲಿಸಬೇಕಾದ ಗುರುತು: ಎದೆಯ ನಡುವೆ ಕಟಕ್ ಅನ್ನೋದು ಅಥವಾ ಮೂಳೆ ಉಜ್ಜಿದ ಹಾಗೆ ಅನ್ನಿಸೋದು, ಗಾಯದಲ್ಲಿ ಕೆಂಪು, ಕೀವು, ಜ್ವರ. ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ. ಎದೆ ಹಿಡಿಯೋದು, ದಮ್ಮು ಕಟ್ಟೋದು, ಬೆವರು ಕಿತ್ತುಕೊಂಡು ಬರೋದು ಆದರೆ 108.

ಇನ್ನೊಂದು. ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನ ಮಾಡುವ) ಮಾತ್ರೆ ತಗೊಳ್ಳುತ್ತಿದ್ದರೆ ನಾಡಿ ಎಣಿಸಿ ಶ್ರಮ ಅಳೆಯೋಕೆ ಆಗಲ್ಲ, ಅದು ಏರೋದನ್ನೇ ಮಾತ್ರೆ ತಡೆಯುತ್ತೆ. ಕೆಲಸ ಮಾಡುತ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಉಸಿರಿಗಾಗಿ ಮಾತು ತುಂಡಾದರೆ ಅಲ್ಲಿಗೆ ಆ ಕೆಲಸ ಸಾಕು.

ಅಂತರಸನಹಳ್ಳಿ_ಬಾಡಿಶಾಪ್

ಫಿಸಿಯೋ ಅವರು ಹೇಳಿದ ವಾರಗಳಿಗೆ ಕೆಲಸ ಜೋಡಿಸೋಣ. ಸಾಮಾನ್ಯವಾಗಿ ಸೀಟು ಕಿತ್ತು, ತಗಡು ತೊಳೆದು, ತೂತು ಕೊರೆದು, ಆಮೇಲೆ ಡ್ರಾಯಿಂಗ್ ಅಂತ ಹೋಗ್ತಾರೆ. ನಿಮಗೆ ಅದು ತಲೆಕೆಳಗು ಆಗಬೇಕು. ಮೊದಲ ಆರು ವಾರ ಪೂರ್ತಿ ಡ್ರಾಯಿಂಗು, ತೂಕದ ಪಟ್ಟಿ, ಆರ್‌ಟಿಓ ಕಾಗದ. ಗಲೀಜು ಕೆಲಸ, ವಾಸನೆ ಕೆಲಸ, ಭಾರದ ಕೆಲಸ ಎಲ್ಲ ಒಟ್ಟು ಸೇರಿಸಿ ಒಂದೇ ವಾರ ಬಾಡಿಶಾಪಿಗೆ ಬಿಡಿ. ಆ ವಾರ ನೀವು ಗಾಡಿ ಹತ್ತಿರ ಹೋಗೋದೇ ಬೇಡ.

ವಾಸನೆ ಕೆಲಸ ಅಂದರೆ ಮುಖ್ಯವಾಗಿ ಕಾಂಟ್ಯಾಕ್ಟ್ ಅಂಟು. ಇನ್ಸುಲೇಷನ್ ಅಂಟಿಸುವ ಹಳದಿ ಅಂಟಿನಲ್ಲಿ ಸಾಲ್ವೆಂಟ್ ಇರುತ್ತೆ. ಮುಚ್ಚಿದ ಗಾಡಿಯೊಳಗೆ ಹತ್ತು ನಿಮಿಷ ಇದ್ದರೆ ತಲೆ ಸುತ್ತುತ್ತೆ, ಕೆಮ್ಮು ಬರುತ್ತೆ. ಅಂಟಿಸಿದ ಮೇಲೆ ಎಲ್ಲಾ ಬಾಗಿಲು ತೆರೆದು ಕನಿಷ್ಠ 3 ದಿನ ಬಿಡಿ. ಹಚ್ಚಿದ ದಿನ ಆ ಗಾಡಿಯಲ್ಲಿ ಗ್ರೈಂಡರ್, ವೆಲ್ಡಿಂಗ್ ಇರಬಾರದು, ಆ ಆವಿಗೆ ಬೆಂಕಿ ಹತ್ತುತ್ತೆ.

ಇನ್ಸುಲೇಷನ್‌ಗೆ ನೈಟ್ರೈಲ್ ರಬ್ಬರ್ ಫೋಮ್: ಮೇಲ್ಛಾವಣಿಗೆ 19 ಮಿ.ಮೀ., ಪಕ್ಕದ ತಗಡಿಗೆ 13 ಮಿ.ಮೀ. ನಮ್ಮ ಕಡೆ ಏಪ್ರಿಲ್‌ನಲ್ಲಿ 37–38 ಡಿಗ್ರಿ ಮುಟ್ಟುತ್ತೆ, ಬಿಸಿಯ ಬಹುಪಾಲು ಇಳಿಯೋದು ಮೇಲಿನಿಂದ. ದುಡ್ಡು ಕಮ್ಮಿ ಇದ್ದರೆ ಪಕ್ಕ ಬಿಡಿ, ಮೇಲ್ಛಾವಣಿ ಬಿಡಬೇಡಿ. ಗ್ಲಾಸ್‌ವೂಲ್ ಬೇಡವೇ ಬೇಡ. ಗಾಡಿ ಅಲುಗಾಡಿದ ಹಾಗೆ ಪುಡಿ ಉದುರುತ್ತೆ, ತೇವ ಹೀರಿ ತಗಡು ತುಕ್ಕು ಹಿಡಿಸುತ್ತೆ, ಎದೆ ಆಪರೇಷನ್ ಆದವರಿಗೆ ಕೆಮ್ಮು ತರಿಸುವ ವಸ್ತುವೇ ಗಾಡಿಯಲ್ಲಿ ಇರಬಾರದು. ಎಂಡಿಎಫ್ ಹಲಗೆಗೂ ಇದೇ ಮಾತು: ಕೊಯ್ದರೆ ಹಿಟ್ಟಿನಂಥ ಧೂಳು, ನೀರು ತಾಗಿದರೆ ಉಬ್ಬುತ್ತೆ.

ಫ್ಯಾನ್‌ಗೆ ಮೇಲ್ಛಾವಣಿ ಕೊಯ್ಯುವಾಗ ಆಗುವ ತಪ್ಪು ಹೇಳಿಬಿಡ್ತೀನಿ. ತೂತು ಸುಮಾರು 14 ಇಂಚು ಚೌಕ, ಅಷ್ಟು ಗಾತ್ರ ಕೊಯ್ದಾಗ ಕಬ್ಬಿಣದ ಪುಡಿ ಮೇಲೆಲ್ಲ ಹಾರುತ್ತೆ. ಗುಡಿಸದೆ ಬಿಟ್ಟರೆ ಮೊದಲ ಮಳೆಗೇ ಬಿಳಿ ಬಣ್ಣದ ಮೇಲೆ ಕಂದು ಚುಕ್ಕೆ ಏಳುತ್ತೆ. ಕೊಯ್ಯೋಕೆ ಮುಂಚೆ ಒದ್ದೆ ಪೇಪರ್ ಹಾಸಿ, ಆಮೇಲೆ ಅಯಸ್ಕಾಂತ ಆಡಿಸಿ. ಕೊಯ್ದ ಅಂಚಿಗೆ ಪ್ರೈಮರ್ ಎರಡು ಕೋಟು, ಫ್ರೇಮಿನ ಕೆಳಗೆ ಬ್ಯುಟೈಲ್ ಟೇಪು, ಸುತ್ತ ಪಾಲಿಯುರೆಥೇನ್ ಸೀಲಂಟು. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕಾನ್ ಹಾಕಬೇಡಿ, ಅದರಲ್ಲಿರೋ ಆಮ್ಲ ಬರಿ ತಗಡನ್ನು ತಿನ್ನುತ್ತೆ.

ಬಂಗಾರಪೇಟೆ_ಪ್ಲೈವುಡ್

ತೂಕದ ಪಟ್ಟಿಗೆ ಈ ಅಂಕಿ ಬರಕೊಳ್ಳಿ ಅಣ್ಣ. 8×4 ಅಡಿ ಪ್ಲೈವುಡ್ ಹಾಳೆ 6 ಮಿ.ಮೀ. ಇದ್ದರೆ ಸುಮಾರು 12 ಕೆ.ಜಿ., 12 ಮಿ.ಮೀ. 23 ಕೆ.ಜಿ., 18 ಮಿ.ಮೀ. 35 ಕೆ.ಜಿ. ಮನೆ ವಾರ್ಡ್‌ರೋಬ್ ಮಾಡೋ ಬಡಗಿಗೆ ಬಿಟ್ಟರೆ ಕೈ ತಾನಾಗಿ 18ಕ್ಕೆ ಹೋಗುತ್ತೆ. ಆರು ಹಾಳೆ 18 ಅಂದರೆ 210 ಕೆ.ಜಿ., ಅದೇ 12 ಅಂದರೆ 138. ಗಾಡಿಗೆ 12 ಸಾಕು, ಬಾಗಿಲಿಗೆ, ಗೋಡೆಗೆ 6. ಹಲಗೆ ಐಎಸ್ 710 ಮುದ್ರೆ ಇರೋ ಮೆರೈನ್ ಗ್ರೇಡ್ ತಗೊಳ್ಳಿ.

ಹಾಳೆ ಮನೆಗೆ ತರಲೇಬೇಡಿ. ಕಟಿಂಗ್ ಲಿಸ್ಟ್ ಮಾಡಿ ಅಂಗಡಿಯ ಪ್ಯಾನಲ್ ಸಾ ಮಿಷಿನ್‌ನಲ್ಲೇ ಕೊಯ್ಸಿ. ಯಾವ ತುಂಡೂ 3 ಕೆ.ಜಿ. ದಾಟದ ಹಾಗೆ ಪ್ಲಾನ್ ಮಾಡೋದು ಸಾಧ್ಯ: 12 ಮಿ.ಮೀ. ಹಲಗೆ ಚದರ ಅಡಿಗೆ ಸುಮಾರು 720 ಗ್ರಾಂ, ಅಂದರೆ ನಾಲ್ಕು ಚದರ ಅಡಿಯ ತುಂಡು 2.9 ಕೆ.ಜಿ. ಹಾಸಿಗೆಯ ಮೇಲ್ಹಲಗೆಯನ್ನು ಒಂದೇ ಹಾಳೆಯಲ್ಲಿ ಮಾಡದೆ ಅಡ್ಡಡ್ಡ ನಾಲ್ಕು ತುಂಡು ಮಾಡಿದರೆ ಕೆಳಗಿನ ಸಾಮಾನು ತೆಗೆಯೋಕೂ ಸಲೀಸು. ಬ್ಲೇಡಿನ ದಪ್ಪ 3 ಮಿ.ಮೀ. ಪ್ರತಿ ಕೊಯ್ತಕ್ಕೂ ಕಳೆಯಿರಿ. ಅದನ್ನ ಮರೆತು ನಾಲ್ಕನೇ ತುಂಡು ಒಂದು ಸೆಂ.ಮೀ. ಕಮ್ಮಿ ಬಂತು ಅಂತ ವಾಪಸ್ ಬರೋರು ಬಹಳ.

ಪ್ರತಿ ತುಂಡಿನ ಹಿಂದೆ ಪೆನ್ಸಿಲ್‌ನಲ್ಲಿ ನಂಬರು, ಮೇಲಿನ ದಿಕ್ಕಿಗೆ ಬಾಣದ ಗುರುತು. ಅಂಚಿಗೆ ಎಲ್ಲಾ ಕಡೆ ಸೀಲರ್. ಅಂಚಿಗೆ ಸೀಲರ್ ಹಚ್ಚೋದು ನಿಮ್ಮ 8ನೇ ವಾರಕ್ಕೆ ಹೇಳಿ ಮಾಡಿಸಿದ ಕೆಲಸ, ನೀರಿನಲ್ಲಿ ಕರಗೋ ಸೀಲರ್ ತಗೊಂಡು ಹೊರಗೆ ಮರದ ನೆರಳಲ್ಲಿ ಕೂತು ಮಾಡಿ.

ಕ್ಯಾತ್ಸಂದ್ರ_ಟ್ರಾವೆಲರ್

ಎಲ್ಲವೂ ಬರೆದುಕೊಂಡೆ. ಹತ್ತಲು ಬಾಗಿಲ ಎರಡೂ ಕಡೆ ಸ್ಟೀಲ್ ಹಿಡಿಕೆ ಹಾಕಿಸಬೇಕು ಅಂತಿದ್ದೇನೆ. ಎಷ್ಟು ಎತ್ತರಕ್ಕೆ?

ಗೌರಿಬಿದನೂರು_ಫಿಸಿಯೋ

ಹಿಡಿಕೆಗಿಂತ ಮೊದಲು ಮೆಟ್ಟಿಲು ಸರ್. ಹಿಡಿಕೆ ಇದ್ದರೆ ಯಾರಾದರೂ ಅದನ್ನು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ, ಅದೂ ಒಂದೇ ಕೈಯಲ್ಲಿ. ಇಡೀ ಮೈತೂಕ ಎದೆಮೂಳೆಯ ಒಂದು ಹೋಳಿನ ಮೇಲೆ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ ಹಿಡಿಕೆ ಒಳ್ಳೆಯದು. ನಿಮಗೆ ಈ ಮೂರು ತಿಂಗಳು ಅದೇ ಅಪಾಯ.

ನೆಲದಿಂದ ಗಾಡಿಯ ಒಳ ನೆಲಕ್ಕೆ ಎಷ್ಟಿದೆ ಅಳೆಯಿರಿ. ಆ ಎತ್ತರವನ್ನು 15 ಸೆಂ.ಮೀ. ಮೀರದ ಏರುಗಳಾಗಿ ಹಂಚಿ. 60 ಸೆಂ.ಮೀ. ಇದ್ದರೆ ನಾಲ್ಕು ಏರು, ಅಂದರೆ ನಡುವೆ ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲು ಪೂರ್ತಿ ಪಾದ ಊರುವಷ್ಟು ಆಳ, 28 ಸೆಂ.ಮೀ. ಇರಲಿ. ಕೈ ಆಧಾರಕ್ಕೆ ಸೊಂಟದ ಮಟ್ಟದಲ್ಲಿ ಒಂದು ಕಂಬಿ, ಅಂಗೈ ಮೇಲಿಟ್ಟು ಸಮತೋಲನ ಕಾಯುವುದಕ್ಕೆ ಮಾತ್ರ. ತಲೆಯ ಮಟ್ಟದಲ್ಲಿ ಹಿಡಿಕೆ ಇದ್ದರೆ ಕೈ ಅಲ್ಲಿಗೇ ಹೋಗುತ್ತೆ, ಈಗಿರೋದನ್ನೂ ಸದ್ಯಕ್ಕೆ ಬಿಚ್ಚಿಸಿಡಿ.

ಒಳಗೂ ಇದೇ ನಿಯಮ. ಸಾಮಾನೆಲ್ಲ ತೊಡೆಯಿಂದ ಎದೆಯವರೆಗೆ, 60ರಿಂದ 120 ಸೆಂ.ಮೀ. ನಡುವೆ. ಡ್ರಾಯರ್ ಹಿಡಿಕೆ ಅಗಲವಾಗಿ ನಟ್ಟನಡುವೆ ಇರಲಿ, ಎರಡೂ ಕೈ ಹಾಕಿ ಎಳೆಯುವ ಹಾಗೆ. ಪಕ್ಕದ ಬಾಗಿಲಿನ ಹಿಂಜು, ರೋಲರ್‌ಗೆ ಗ್ರೀಸ್ ಹಾಕಿಸಿ, ಹಳೇ ಗಾಡಿಗಳಲ್ಲಿ ಬಾಗಿಲು ತೆರೆಯೋದೇ ಒಂದು ಭಾರ.

ಹಾಸಿಗೆ: ಗಾದಿ ಒತ್ತಿದ ಮೇಲೆ ಎತ್ತರ 48–50 ಸೆಂ.ಮೀ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಕೈ ಊರದೆ ತೊಡೆಯ ಬಲದಲ್ಲೇ ಏಳೋಕೆ ಆಗಬೇಕು. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಏಳುವ ಕ್ರಮಕ್ಕೆ ಹಾಸಿಗೆಯ ಉದ್ದದ ಪಕ್ಕದಲ್ಲಿ 60 ಸೆಂ.ಮೀ. ಜಾಗ ಬೇಕೇ ಬೇಕು. ಕಾಲಿನ ಕಡೆಯಿಂದ ತೆವಳಿ ಹತ್ತುವ ಅಡ್ಡ ಹಾಸಿಗೆ ನೋಡೋಕೆ ಜಾಗ ಉಳಿಸುತ್ತೆ, ನಿಮಗೆ ಸಲ್ಲದು. ಗಾದಿಯ ಅಂಚು ಗಟ್ಟಿ ಇರಲಿ, ಮೆತ್ತಗಿದ್ದರೆ ಜಾರಿ ಕೈ ಊರಿಬಿಡ್ತೀರಿ.

ಮುಳಬಾಗಿಲು_ವೈರಿಂಗ್

ಕರೆಂಟಿನ ಕೆಲಸ ನಿಮ್ಮ ಪಾಲಿಗೆ ಬರುವ ಅತಿ ಒಳ್ಳೆಯ ಕೆಲಸ ಸರ್, ಮುಕ್ಕಾಲು ಭಾಗ ಊಟದ ಮೇಜಿನ ಮೇಲೇ ಆಗುತ್ತೆ.

ಮೊದಲು ದಿನದ ಖರ್ಚು. 40 ಲೀಟರ್ ಕಂಪ್ರೆಸರ್ ಫ್ರಿಜ್ ಬೇಸಿಗೆಯಲ್ಲಿ 40 ಆಂಪಿಯರ್-ಅವರ್, ಫ್ಯಾನ್ 10 ಗಂಟೆಗೆ 15, ಎಲ್‌ಇಡಿ 5, ಫೋನು 8, ನೀರಿನ ಪಂಪು 2. ಒಟ್ಟು 70. ಗೊರಕೆ ಕಾಯಿಲೆಗೆ ಸಿಪ್ಯಾಪ್ ಮಿಷಿನ್ ಹಾಕುವವರಾದರೆ ಇನ್ನೊಂದು 25 ಸೇರಿಸಿ, ನೀರು ಬಿಸಿ ಮಾಡುವ ಭಾಗ ಆಫ್ ಇದ್ದಾಗಿನ ಲೆಕ್ಕ ಅದು. 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ದಿನಕ್ಕೆ ಸಾಕು. ಅದರ ತೂಕ 11–13 ಕೆ.ಜಿ. ಮನೆ ಯುಪಿಎಸ್‌ನ 150ರ ಟ್ಯೂಬ್ಯುಲರ್ ಬ್ಯಾಟರಿ ಅಗ್ಗ ಅಂತ ತರೋರು ಇದ್ದಾರೆ. ಅದು 50 ಕೆ.ಜಿ. ದಾಟುತ್ತೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಮಲಗುವ ಗಾಡಿಯೊಳಗೆ ಅದು ಬೇಡ.

ಸೋಲಾರ್ 330 ವ್ಯಾಟಿನ ಒಂದು ಪ್ಯಾನಲ್. ನಮ್ಮ ಕಡೆ ದಿನಕ್ಕೆ ನಾಲ್ಕೂವರೆ ಗಂಟೆ ಒಳ್ಳೆ ಬಿಸಿಲು ಅಂದುಕೊಂಡು, ಚಪ್ಪಟೆ ಮಲಗಿಸಿದ್ದಕ್ಕೆ, ಬಿಸಿಗೆ, ಧೂಳಿಗೆ ಶೇ. 30 ಕಳೆದರೆ ಸುಮಾರು 1040 ವ್ಯಾಟ್-ಅವರ್, ಅಂದರೆ 80 ಆಂಪಿಯರ್-ಅವರ್. ಪ್ಯಾನಲ್ಲಿಂದ ಬ್ಯಾಟರಿಗೆ ಚಾರ್ಜ್ ಹದ ಮಾಡುವ ಕಂಟ್ರೋಲರ್ ಎಂಪಿಪಿಟಿ ಬಗೆಯದು, 30 ಆಂಪಿಯರ್. ಕೋಲಾರದ ಕೆಮ್ಮಣ್ಣು ರಸ್ತೆಯಲ್ಲಿ ಓಡಾಡಿದ ಮೇಲೆ ಪ್ಯಾನಲ್ ಒರೆಸಲೇಬೇಕು. ನೀವು ಏಣಿ ಹತ್ತಬೇಡಿ, ಉದ್ದ ಕೋಲಿನ ಬಟ್ಟೆಯೂ ತಲೆ ಮೇಲಿನ ಕೆಲಸವೇ. ಹುಡುಗನಿಗೆ ಬಿಡಿ.

ಓಡುವಾಗ ಇಂಜಿನ್‌ನಿಂದ ಚಾರ್ಜ್ ಆಗಲು 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್. ಬರಿ ರಿಲೇ ಹಾಕಿ ಎರಡು ಬ್ಯಾಟರಿ ಸೇರಿಸಬೇಡಿ: ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆದು ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಡೈನಮೋ) ಸುಡುತ್ತೆ, ಹೊಸ ಬಿಎಸ್6 ಗಾಡಿಗಳಲ್ಲಿ ಆಲ್ಟರ್ನೇಟರ್ ವೋಲ್ಟೇಜ್ ಇಳಿಸಿದಾಗ ಚಾರ್ಜೇ ಆಗದೆ ಹೋಗಬಹುದು. ಕೇಬಲ್ ದಪ್ಪದ ಲೆಕ್ಕ ನೋಡಿ. ಹೋಗಿ ಬರುವ ಉದ್ದ 10 ಮೀಟರ್, 30 ಆಂಪಿಯರ್: 6 ಚದರ ಮಿ.ಮೀ. ತಂತಿಯಲ್ಲಿ 0.87 ವೋಲ್ಟ್ ನಷ್ಟ, 10ರಲ್ಲಿ 0.52, 16ರಲ್ಲಿ 0.33. ಹದಿನಾರೇ ಹಾಕಿ. ಎರಡೂ ಬ್ಯಾಟರಿಯ ಹತ್ತಿರ, 20 ಸೆಂ.ಮೀ. ಒಳಗೆ, 50 ಆಂಪಿಯರ್ ಫ್ಯೂಸ್ ಒಂದೊಂದು. ಒಂದೇ ಕಡೆ ಫ್ಯೂಸ್ ಹಾಕಿದರೆ ನಡುವೆ ತಂತಿ ಉಜ್ಜಿ ತಗಡಿಗೆ ತಾಗಿದಾಗ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚುತ್ತೆ.

ಈಗ ಮೇಜಿನ ಕೆಲಸ. 60×40 ಸೆಂ.ಮೀ. ಪ್ಲೈ ತುಂಡು ಮುಂದಿಟ್ಟುಕೊಳ್ಳಿ. ಎಡಕ್ಕೆ ಮುಖ್ಯ ಸ್ವಿಚ್, ನಡುವೆ 8 ದಾರಿಯ ಬ್ಲೇಡ್ ಫ್ಯೂಸ್ ಪೆಟ್ಟಿಗೆ, ಬಲಕ್ಕೆ ಎಲ್ಲ ನೆಗೆಟಿವ್ ತಂತಿ ಸೇರುವ ಲೋಹದ ಪಟ್ಟಿ, ಅಂದರೆ ನೆಗೆಟಿವ್ ಬಸ್‌ಬಾರ್, ಕೆಳಗೆ ಸೋಲಾರ್ ಕಂಟ್ರೋಲರ್‌ಗೆ ಜಾಗ, ಅದರ ಮೇಲೆ ಕೆಳಗೆ ಗಾಳಿಗೆ 10 ಸೆಂ.ಮೀ. ಖಾಲಿ. ತಂತಿ ಸುತ್ತ ಪುಟ್ಟ ಕೊಳವೆ ತುಂಡು ಹಾಕಿ ಅದರ ಮೇಲೆ ಹೆಸರು ಬರೆಯಿರಿ: ಫ್ಯಾನ್, ದೀಪ ಎಡ, ದೀಪ ಬಲ, ಫ್ರಿಜ್, ಪಂಪು. ಫ್ಯಾನ್‌ಗೆ 5 ಆಂಪಿಯರ್ ಫ್ಯೂಸ್, ದೀಪಕ್ಕೆ 5, ಪಂಪಿಗೆ 10, ಫ್ರಿಜ್‌ಗೆ 15. ಫ್ರಿಜ್‌ಗೆ ಮಾತ್ರ 4 ಚದರ ಮಿ.ಮೀ. ತಂತಿ, ಉಳಿದದ್ದಕ್ಕೆ 2.5. ಫ್ರಿಜ್‌ಗೆ ತೆಳ್ಳಗಿನ ತಂತಿ ಹಾಕಿದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಫ್ರಿಜ್ ತಾನೇ ಆಫ್ ಆಗುತ್ತೆ. ಬ್ಯಾಟರಿ ಕೆಟ್ಟಿದೆ ಅಂದುಕೊಂಡು ಜನ ಬ್ಯಾಟರಿ ಬದಲಾಯಿಸ್ತಾರೆ, ತಪ್ಪು ತಂತಿಯದು. ಒಂಟಿ ಎಳೆಯ ಗಟ್ಟಿ ತಂತಿ ಗಾಡಿಗೆ ಬೇಡ, ಅದುರಿ ಅದುರಿ ಮುರಿಯುತ್ತೆ. ಹಲವು ಎಳೆಯದೇ ಆಗಬೇಕು.

ಒಂದು ಎಚ್ಚರ. 2.5ರ ತಂತಿಯ ತುದಿಗೆ ಲಗ್ (ಲೋಹದ ಬಳೆ) ಒತ್ತುವ ರ‍್ಯಾಚೆಟ್ ಇಕ್ಕಳವನ್ನು ಮೊಣಕೈ ಪಕ್ಕೆಗೆ ಒತ್ತಿಟ್ಟುಕೊಂಡೇ ಬಳಸಿ, ಅದೂ 6ನೇ ವಾರದ ತಪಾಸಣೆ ಆದಮೇಲೆ. 16ರ ದಪ್ಪ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್ ಇರುವ ಅಂಗಡಿಯಲ್ಲೇ ಒತ್ತಿಸಿ ತನ್ನಿ. ಒತ್ತಿದ ಲಗ್ ಗಟ್ಟಿ ಇದೆಯಾ ಅಂತ ಎಳೆದು ನೋಡುವ ಪರೀಕ್ಷೆಯೂ ಹುಡುಗನದು.

ಚಿಂತಾಮಣಿ_ನರ್ಸ್

ವೈರಿಂಗ್ ಅಣ್ಣ ಹೇಳಿದ ಕೆಲಸ ಚೆನ್ನಾಗಿದೆ, ಒಂದು ಸೇರಿಸಬೇಕು. ಬೈಪಾಸ್ ಆದವರಿಗೆ ಆಸ್ಪಿರಿನ್, ಕೆಲವರಿಗೆ ಜೊತೆಗೆ ಕ್ಲೋಪಿಡೋಗ್ರೆಲ್ ಇರುತ್ತೆ. ವಾಲ್ವ್ ಬದಲಾಯಿಸಿದವರಿಗೆ ವಾರ್ಫರಿನ್. ತಂತಿಯ ಸಿಪ್ಪೆ ಸುಲಿಯುವಾಗ ಬ್ಲೇಡ್ ಜಾರಿದರೆ ಮಾಮೂಲಿಗಿಂತ ಹೆಚ್ಚು ಹೊತ್ತು ರಕ್ತ ಹರಿಯುತ್ತೆ. ಬ್ಲೇಡ್ ಬೇಡ, ವೈರ್ ಸ್ಟ್ರಿಪ್ಪರ್ ತಗೊಳ್ಳಿ. ಮೇಜಿನ ಪಕ್ಕ ಗಾಜ್ ಬಟ್ಟೆ ಇರಲಿ. ಗಾಯವಾದರೆ ಮೇಲಿಂದ ಮೇಲೆ ತೆಗೆದು ನೋಡದೆ 10 ನಿಮಿಷ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಆಸ್ಪತ್ರೆ. ಕೆಲಸಕ್ಕೆ ಅಡ್ಡಿ ಅಂತ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ.

ಕೆಮ್ಮು, ಸೀನು ಬಂದರೆ ಸಣ್ಣ ದಿಂಬನ್ನು ಎದೆಗೆ ಎರಡೂ ಕೈಯಿಂದ ಅವುಚಿಕೊಳ್ಳಿ. ಗಾಡಿಯಲ್ಲಿ ಆ ದಿಂಬಿಗೆ ಒಂದು ಜಾಗ ಇರಬೇಕು, ಹಾಸಿಗೆಯ ತಲೆಯ ಹತ್ತಿರ, ಕೈ ಚಾಚದೆ ಸಿಗುವ ಹಾಗೆ.

ಪೇಸ್‌ಮೇಕರ್ ಇರುವವರು ಓದುತ್ತಿದ್ದರೆ: ಇಂಡಕ್ಷನ್ ಒಲೆ, ವೆಲ್ಡಿಂಗ್ ಕೇಬಲ್ ಇವುಗಳಿಂದ ಕನಿಷ್ಠ 60 ಸೆಂ.ಮೀ. ದೂರ ಅಂತ ಸಾಮಾನ್ಯ ಸೂಚನೆ ಇದೆ. ನಿಮ್ಮ ಸಾಧನದ ಕಾರ್ಡ್ ತೋರಿಸಿ ಡಾಕ್ಟರನ್ನು ಕೇಳಿ.

ಕ್ಯಾತ್ಸಂದ್ರ_ಟ್ರಾವೆಲರ್

ಪೇಸ್‌ಮೇಕರ್ ಇಲ್ಲ ಮೇಡಂ. ಶೆಡ್ ಬಿಸಿಲಲ್ಲಿ ಕಾಯುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿನವರೆಗೆ ಇರಬಹುದು?

ಚಿಂತಾಮಣಿ_ನರ್ಸ್

ಬೆಳಿಗ್ಗೆ ತಿಂಡಿ ಆಗಿ ಒಂದು ಗಂಟೆ ಬಿಟ್ಟು, 10 ಗಂಟೆಯೊಳಗೆ ಮುಗಿಸಿ ಸರ್. ಮೂತ್ರ ಹೋಗುವ ಮಾತ್ರೆ, ಬೀಟಾ ಬ್ಲಾಕರ್ ಎರಡೂ ಇದ್ದಾಗ ಸೆಕೆಯಲ್ಲಿ ಬಿಪಿ ಇಳಿದು, ಬಗ್ಗಿ ಎದ್ದ ತಕ್ಷಣ ಕಣ್ಣು ಕತ್ತಲೆ ಬರುತ್ತೆ. ಶೆಡ್‌ನಲ್ಲಿ ಬಿದ್ದರೆ ಸುತ್ತ ಎಲ್ಲ ತಗಡಿನ ಅಂಚು. ಒಬ್ಬರೇ ಇರಬೇಡಿ. ನೀರು ಎಷ್ಟು ಕುಡಿಯಬೇಕು ಅನ್ನೋದು ನಿಮ್ಮ ಹಾಳೆಯಲ್ಲಿ ಮಿತಿ ಇದ್ದರೆ ಅದರ ಪ್ರಕಾರ.

ಮಾತ್ರೆಗಳು ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಇರಬೇಕು ಅಂತ ಪಟ್ಟಿಯ ಮೇಲೇ ಬರೆದಿರುತ್ತೆ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡು ಅದಕ್ಕೆ ತೀರ ಕೆಟ್ಟ ಜಾಗ. ಬಗ್ಗದೆ ಸಿಗುವ ಮಟ್ಟದ, ಹೊರ ಗೋಡೆಗೆ ತಾಗದ ಡ್ರಾಯರ್‌ನಲ್ಲಿ ಇನ್ಸುಲೇಷನ್ ತುಂಡು ಸುತ್ತಿದ ಡಬ್ಬಿ ಇಡಿ. ಇನ್ಸುಲಿನ್ ಇದ್ದರೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ. ಕಂಪ್ರೆಸರ್ ಫ್ರಿಜ್‌ನ ತಳದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ, ಒಂದು ಥರ್ಮಾಮೀಟರ್ ಒಳಗೇ ಹಾಕಿ ಮೇಲಿನ ಬುಟ್ಟಿಯಲ್ಲಿಡಿ. ನಾಲಿಗೆ ಕೆಳಗಿನ ಮಾತ್ರೆ ಮಾತ್ರ ನಿಮ್ಮ ಜೇಬಲ್ಲೇ ಇರಲಿ.

ಕೋಲಾರ_ಕಾಗದಪತ್ರ

ಕಾಗದದ ಹೆಸರು ಬಂತು, ವಿವರ ಯಾರೂ ಇನ್ನೂ ಹೇಳಿಲ್ಲ. ಸೀಟು ಕೀಳುವ ಮುಂಚೆ ಆರ್‌ಟಿಓ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕ್ಯಾಂಪರ್ ವ್ಯಾನ್ ಅನ್ನುವುದು ಖಾಸಗಿ ಬಳಕೆಯ ಸಾರಿಗೆಯೇತರ ವಾಹನವಾಗಿ ಕೇಂದ್ರದ ಪಟ್ಟಿಯಲ್ಲಿದೆ, ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಮಾನದಂಡವೂ ಇದೆ. ನಿಮ್ಮದು ಹಳದಿ ಬೋರ್ಡ್, ಹಾಗಾಗಿ ಪರ್ಮಿಟ್ ವಾಪಸ್ ಮಾಡುವುದು, ತೆರಿಗೆ ಬಾಕಿ, ವರ್ಗ ಬದಲಾವಣೆ, ಸೀಟಿನ ಸಂಖ್ಯೆ, ಎಲ್ಲ ಬರುತ್ತೆ. ಗಾಡಿ ಕೆಎ-06 ಆದರೆ ತುಮಕೂರು ಕಚೇರಿ, ಕೆಎ-07 ಕೋಲಾರ, ಕೆಎ-40 ಚಿಕ್ಕಬಳ್ಳಾಪುರ. ಏನೇನು ಬದಲಿಸುತ್ತೀರಿ ಅನ್ನುವ ಡ್ರಾಯಿಂಗ್ ಲಗತ್ತಿಸಿ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಒಪ್ಪಿಗೆಯೂ ಬರವಣಿಗೆಯಲ್ಲೇ ಸಿಕ್ಕ ಮೇಲೆ ಸ್ಪ್ಯಾನರ್ ಹಿಡಿಯಿರಿ. ಕೌಂಟರ್‌ನಲ್ಲಿ ಬಾಯಿಮಾತಿಗೆ ಆಯ್ತು ಅಂದದ್ದು ಮುಂದೆ ಗಾಡಿಯ ಫಿಟ್ನೆಸ್ ತಪಾಸಣೆ, ಅಂದರೆ ಎಫ್‌ಸಿಯಲ್ಲಿ ನಿಲ್ಲಲ್ಲ. ಇನ್ಶೂರೆನ್ಸ್‌ನವರಿಗೂ ಪತ್ರ ಕೊಡಿ, ತಿಳಿಸದ ಬದಲಾವಣೆಯ ಮೇಲೆ ಕ್ಲೇಮ್ ತಿರಸ್ಕರಿಸುವುದು ಸುಲಭ. ಈ ಓಡಾಟ ಮನೆಯವರು ಮಾಡಲಿ, ನಿಮ್ಮ ಮೊದಲ ಆರು ವಾರ ಇದಕ್ಕೇ ಸರಿಹೋಗುತ್ತೆ.

ಶಿಡ್ಲಘಟ್ಟ_ಈಕೋ

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಕಾಗದ, ವೆಲ್ಡಿಂಗ್, ಮೇಲ್ಛಾವಣಿ ತೂತು ಈ ವರ್ಷ ಯಾಕೆ? 5 ಸೀಟಿನ ಮಾರುತಿ ಈಕೋ ವ್ಯಾನಿನಲ್ಲಿ ಹಿಂದಿನ ಸೀಟಿನ ಮೇಲೆ ಕೂರುವ ಬಿಚ್ಚಿಡಬಹುದಾದ ಪೆಟ್ಟಿಗೆ-ಹಾಸಿಗೆ ಸಾಕು. ಬಾಡಿಗೆ ಒಂದು ತೂತೂ ಇಲ್ಲ, ಆರ್‌ಸಿ ಹಾಗೇ ಇರುತ್ತೆ.

ಗೌರಿಬಿದನೂರು_ಫಿಸಿಯೋ

ಕಾಗದದ ದೃಷ್ಟಿಯಿಂದ ಒಪ್ಪುವ ಮಾತು. ಆದರೆ ಈಕೋದಲ್ಲಿ ನಿಲ್ಲೋಕೆ ಆಗಲ್ಲ. ಹಾಸಿಗೆಗೆ ತೆವಳಿಕೊಂಡೇ ಹೋಗಬೇಕು, ತೆವಳುವಾಗ ಮೈತೂಕ ಎರಡೂ ಅಂಗೈ ಮೇಲೆ. ಆರೋಗ್ಯವಾಗಿ ಇರುವವರಿಗೆ ಒಳ್ಳೆಯ ದಾರಿ, 12 ವಾರ ಆಗದ ಎದೆಮೂಳೆಗೆ ಅಲ್ಲ. ನಿಂತು ಓಡಾಡುವ ಗಾಡಿಯೇ ಇವರಿಗೆ ಸರಿ, ಕೆಲಸ ತಡವಾದರೂ ಚಿಂತೆಯಿಲ್ಲ.

ಬಾಗೇಪಲ್ಲಿ_ನೀರು

ನೀರಿನ ಬಗ್ಗೆ. 20 ಲೀಟರ್ ಕ್ಯಾನ್ 20 ಕೆ.ಜಿ., ಅದನ್ನ ಮರೆತುಬಿಡಿ. ಚಕ್ರದ ಹತ್ತಿರ ನೆಲಕ್ಕೆ ಬಿಗಿದ 40 ಲೀಟರ್ ಟ್ಯಾಂಕು, ಹೊರಗಿನಿಂದ ಪೈಪ್ ಹಾಕಿ ತುಂಬುವ ಬಾಯಿ, 12 ವೋಲ್ಟ್ ಡಯಾಫ್ರಾಮ್ ಪಂಪು, ಪಂಪಿನ ಮುಂಚೆ ಜಾಲರಿ ಫಿಲ್ಟರ್. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಪಂಪಿನ ಒಳಗಿನ ರಬ್ಬರ್ ಕವಾಟದ ಮೇಲೆ ಬಿಳಿ ಸುಣ್ಣ ಕೂತು, ಪಂಪು ತಿರುಗಿದರೂ ನೀರು ಏರಲ್ಲ. ತಿಂಗಳಿಗೊಮ್ಮೆ 5 ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ ಪಂಪಿನಲ್ಲಿ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ, ಎರಡು ಸಲ ಒಳ್ಳೆ ನೀರಲ್ಲಿ ತೊಳೆಯಿರಿ.

ಈ ಟ್ಯಾಂಕಿನ ನೀರು ಪಾತ್ರೆಗೆ, ಕೈಗೆ ಮಾತ್ರ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತೆ. ಕುಡಿಯಲು ಆರ್‌ಒ ಘಟಕದ ನೀರನ್ನು 2 ಲೀಟರ್ ಬಾಟಲಿಗಳಲ್ಲಿ ತುಂಬಿಸಿಕೊಳ್ಳಿ. ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿ ಅದನ್ನೇ ಕುಡಿಯೋಣ ಅಂದುಕೊಳ್ಳಬೇಡಿ, ಅದು ಸುಣ್ಣ ತೆಗೆದು ಸೋಡಿಯಂ ಸೇರಿಸುತ್ತೆ, ಉಪ್ಪು ಕಮ್ಮಿ ಮಾಡಿ ಅಂತ ಹೇಳಿಸಿಕೊಂಡವರಿಗೆ ಅದು ಹೊಂದಲ್ಲ.

ಶೌಚಕ್ಕೆ ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಟ್ಯಾಂಕು ಕಳಚಿ ಖಾಲಿ ಮಾಡುವಂಥದ್ದು) ಸಾಕು, 10 ಲೀಟರ್‌ನದು, ಅರ್ಧ ತುಂಬಿದಾಗಲೇ ಬೇರೆಯವರು ಖಾಲಿ ಮಾಡಲಿ. ಕೂರುವ ಎತ್ತರ 45 ಸೆಂ.ಮೀ. ಬರುವಂತೆ ಕೆಳಗೆ ಪೆಟ್ಟಿಗೆ ಕೊಡಿ. ತಿಣುಕುವುದು ಹೃದಯಕ್ಕೂ ಎದೆಮೂಳೆಗೂ ಕೆಟ್ಟದ್ದು.

ಒಲೆಗೆ 5 ಕೆ.ಜಿ. ಸಿಲಿಂಡರ್ ಅಂದರೂ ಕಬ್ಬಿಣ ಸೇರಿ ಅದರ ಎರಡರಷ್ಟಕ್ಕೂ ಮೀರುತ್ತೆ, ಎತ್ತುವುದು ನಿಮ್ಮ ಕೆಲಸವಲ್ಲ. ಅನಿಲ ಗಾಳಿಗಿಂತ ಭಾರ, ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಇರಲೇಬೇಕು, ಗಾಡಿಯೊಳಗಿನ ಕಡೆ ಪೂರ್ತಿ ಸೀಲ್. ಓಡುವಾಗ ವಾಲ್ವ್ ಬಂದ್. ಗಾಡಿಯೊಳಗೆ ಇದ್ದಿಲು ಒಲೆ, ಪಕ್ಕದಲ್ಲಿ ಜನರೇಟರ್ ಬೇಡ, ಕಾರ್ಬನ್ ಮಾನಾಕ್ಸೈಡ್ ಹೃದಯ ರೋಗಿಗೆ ಬೇಗ ತಟ್ಟುತ್ತೆ.

ಸಿರಾ_ತೆಂಗಿನತೋಟ

ಗಾಡಿ ನಿಲ್ಲಿಸೋದು ತೆಂಗಿನ ಮರದ ಕೆಳಗಲ್ಲ. ಒಂದು ಕಾಯಿ ಬಿದ್ದರೆ ಪ್ಯಾನಲ್ ಗಾಜು ಚೂರು. ಹೊಂಗೆ ನೆರಳು ಒಳ್ಳೆಯದು, ಆದರೆ ಪ್ಯಾನಲ್ ಮೇಲೆ ಒಂದು ಕೊಂಬೆಯ ನೆರಳು ಬಿದ್ದರೂ ಕರೆಂಟು ಅರ್ಧಕ್ಕಿಂತ ಕೆಳಗಿಳಿಯಬಹುದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು ಬರುವ ಜಾಗ ನೋಡಿ.

ಕ್ಯಾತ್ಸಂದ್ರ_ಟ್ರಾವೆಲರ್

ಗಾಡಿ ಸಿದ್ಧವಾದ ಮೇಲೆ ಮೊದಲ ರಾತ್ರಿ ದೇವರಾಯನದುರ್ಗ ಅಂದುಕೊಂಡಿದ್ದೇವೆ. ದಾರಿಯಲ್ಲಿ ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡು ಹೋಗಬಹುದೇ?

ಗೌರಿಬಿದನೂರು_ಫಿಸಿಯೋ

ಓಡುವ ಗಾಡಿಯಲ್ಲಿ ಮಲಗೋದು ಬೇಡ ಸರ್, ಬ್ರೇಕ್ ಹಾಕಿದರೆ ಹಿಡಿಯೋಕೆ ಏನೂ ಇರಲ್ಲ. ಮುಂದಕ್ಕೆ ಮುಖ ಮಾಡಿದ, ಮೂರು ಕಡೆ ಬೆಲ್ಟ್ ಇರುವ ಒಂದು ಸೀಟನ್ನು ಡ್ರೈವರ್ ಹಿಂದೆ ಉಳಿಸಿಕೊಳ್ಳಿ. ಎಲ್ಲಾ ಸೀಟು ಕಿತ್ತರೆ ಆ ಜಾಗವೇ ಇರಲ್ಲ, ಡ್ರಾಯಿಂಗ್‌ನಲ್ಲೇ ಅದನ್ನು ಗುರುತು ಮಾಡಿ. ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್. ಬೆಲ್ಟ್ ಹಾಕುವಾಗ ಕೈ ಹಿಂದಕ್ಕೆ ಚಾಚಬೇಡಿ, ಪಕ್ಕದವರು ತಂದು ಕೊಡಲಿ. 45 ನಿಮಿಷಕ್ಕೊಮ್ಮೆ ನಿಲ್ಲಿಸಿ 5 ನಿಮಿಷ ನಡೆಯಿರಿ, ರಕ್ತನಾಳ ತೆಗೆದ ಕಾಲು ಊದಿಕೊಳ್ಳುತ್ತೆ, ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಕೂತಾಗ ಆ ಕಾಲಿಗೆ ಒಂದು ಪೆಟ್ಟಿಗೆಯ ಆಸರೆ. ನೀವೇ ಓಡಿಸುವ ಮಾತು ಡಾಕ್ಟರ್ ಒಪ್ಪಿಗೆ ಸಿಕ್ಕ ಮೇಲೆ. ಕಾರಿಗೆ ಸಾಮಾನ್ಯವಾಗಿ 4ರಿಂದ 6 ವಾರ ಅನ್ನುತ್ತಾರೆ, ಟ್ರಾವೆಲರ್‌ನ ದೊಡ್ಡ ಸ್ಟೀರಿಂಗ್‌ಗೆ 12 ಆಗಲಿ.

ದುರ್ಗದ ದಾರಿಯಲ್ಲಿ ತಿರುವು ಜಾಸ್ತಿ. ಮೊದಲು ಒಂದು ರಾತ್ರಿ ಮನೆಯ ಮುಂದೆಯೇ ಗಾಡಿಯಲ್ಲಿ ಮಲಗಿ ನೋಡಿ. ರಾತ್ರಿ ಎಷ್ಟು ಸಲ ಏಳಬೇಕಾಗುತ್ತೆ, ಕತ್ತಲಲ್ಲಿ ಮೆಟ್ಟಿಲು ಕಾಣುತ್ತಾ, ದಿಂಬು ಕೈಗೆ ಸಿಗುತ್ತಾ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಎರಡನೇ ರಾತ್ರಿ ದುರ್ಗ.

ಬಂಗಾರಪೇಟೆ_ಪ್ಲೈವುಡ್

ಮಲಗುವ ಮಾತು ಬಂತಲ್ಲ, ತಲೆಯ ಕಡೆ ಎತ್ತರಿಸುವುದು ಬಿಟ್ಟುಹೋಗಿದೆ. ಇಂಥ ಆಪರೇಷನ್ ಆದವರು ಕೆಲವು ವಾರ ಚಪ್ಪಟೆ ಮಲಗೋಕೆ ಕಷ್ಟಪಡ್ತಾರೆ. ಹಾಸಿಗೆಯ ತಲೆಯ ಕಡೆ 70 ಸೆಂ.ಮೀ. ಹಲಗೆಯನ್ನು ಪಿಯಾನೋ ಹಿಂಜಿನಲ್ಲಿ ಬೇರೆಯಾಗಿ ಕೂರಿಸಿ. 30 ಡಿಗ್ರಿ ಏರಿಸಿದರೆ ತುದಿ 35 ಸೆಂ.ಮೀ. ಮೇಲೆ ಬರುತ್ತೆ, 15 ಡಿಗ್ರಿಗೆ 18. ಹಲ್ಲು ಹಲ್ಲಾಗಿ ನಿಲ್ಲುವ ರ‍್ಯಾಚೆಟ್ ಹಿಂಜು ಎರಡೂ ಪಕ್ಕಕ್ಕೆ ಒಂದೊಂದು, ಸೋಫಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಒಂದೇ ಹಾಕಿದರೆ ಹಲಗೆ ಓರೆಯಾಗಿ ಹಲ್ಲು ಜಾರುತ್ತೆ. ಗಾದಿಯನ್ನು ಹಿಂಜಿನ ಗೆರೆಗೇ ಸರಿಯಾಗಿ ಎರಡು ತುಂಡು ಮಾಡಿಸಿ, ಬಟ್ಟೆ ಮಾತ್ರ ಒಂದೇ ಇರಲಿ. ಏರಿಸುವುದು, ಇಳಿಸುವುದು ಜೊತೆಯಲ್ಲಿರುವವರು ಮಾಡಲಿ, ನೀವು ಹಾಸಿಗೆ ಮೇಲೆ ಇಲ್ಲದಾಗ.

ಕ್ಯಾತ್ಸಂದ್ರ_ಟ್ರಾವೆಲರ್

ನೆಲದಿಂದ ಒಳ ನೆಲಕ್ಕೆ ಹುಡುಗ ಅಳೆದು 58 ಸೆಂ.ಮೀ. ಅಂದ. 14.5ರಂತೆ ನಾಲ್ಕು ಏರು ಬರುತ್ತದೆ, ಮೂರು ಮೆಟ್ಟಿಲು. ಡ್ರೈವರ್ ಹಿಂದಿನ ಒಂದು ಸೀಟು ಉಳಿಸಿ ಡ್ರಾಯಿಂಗ್ ಹೊಸದಾಗಿ ಶುರು ಮಾಡಿದ್ದೇನೆ. ಆರ್‌ಟಿಓ ಅರ್ಜಿಗೆ ಲಗತ್ತಿಸುವ ಮುಂಚೆ ಇಲ್ಲೇ ಹಾಕುತ್ತೇನೆ, ಎಲ್ಲರೂ ಒಮ್ಮೆ ನೋಡಿ.